ಬೆಣ್ಣೆಗಣ್ಣು, ಸುಣ್ಣಗಣ್ಣು

ಅತ್ತೆ ಇವತ್ತೂ ಮಗುವನ್ನು ಹಾಸಿಗೆಯ ಮೂಲಕವೇ ಕಳಿಸಿದರು. "ಇಗೋ, ಇಲ್ಲಿ ಮಲಗಿಸಿದೀನಿ ಅಳಿಯಂದ್ರೇ, ಎತ್ಕೊಳಿ" ಎಂದು ಹಾಸಿಗೆಯ ನಟ್ಟನಡುವೆ ಇಟ್ಟು ಹಿಂದೆ ಸರಿದು ನಿಂತರು. ಅಷ್ಟರಲ್ಲಿ ಅವನ ಎರಡೂ ಕೈ ಗಾಳಿಯಲ್ಲಿ ಚಾಚಿಕೊಂಡು ಕಾಯುತ್ತಿದ್ದವು. ಕರೆಯದ ಮನೆಗೆ ಊಟಕ್ಕೆ ಹೋದವರ ಹಾಗಿದ್ದ ಆ ಕೈಗಳನ್ನು ಮರ್ಯಾದೆಯಿಂದ ವಾಪಸು ಕರೆದುಕೊಳ್ಳುವುದು ಹೇಗೆಂದು ತಿಳಿಯದೆ ಮೈಮುರಿಯುವವನಂತೆ ನಟಿಸಿದ. ಕಚೇರಿಯಲ್ಲಿ ಕಡತಗಳು ಬರುವುದೂ ಹೀಗೇ. ಕೊಡುವವನೂ ಎದುರಿಗೇ ಇರುತ್ತಾನೆ, ತೆಗೆದುಕೊಳ್ಳುವವನೂ ಎದುರಿಗೇ ಇರುತ್ತಾನೆ, ಕಡತ ಮಾತ್ರ ನಡುವಿನ ಮೇಜಿನ ಮೇಲೆ ಒಂದು ನಿದ್ದೆ ಮಾಡಿ ಎದ್ದೇ ಬರಬೇಕು. ಹೆಂಡತಿಯಿಂದ ಅತ್ತೆಗೆ, ಅತ್ತೆಯಿಂದ ಹೆಂಡತಿಗೆ ಮಗು ಕೈಯಿಂದ ಕೈಗೆ ಸಲೀಸಾಗಿ ಹೋಗುತ್ತದೆ. ಹೆಂಡತಿ ಅವನಿಗೂ ಕೈಗೇ ಕೊಡುತ್ತಾಳೆ, ಆದರೆ "ಹಿಡ್ಕೊಂಡ್ರಾ? ರೀ, ಹಿಡ್ಕೊಂಡ್ರಾ?" ಎಂದು ಎರಡೆರಡು ಸಲ ಕೇಳಿ, ಅವನು ಹೂಂ ಅಂದಮೇಲೂ ತನ್ನ ಕೈಯನ್ನು ಸ್ವಲ್ಪ ಹೊತ್ತು ಅಡಿಯಲ್ಲೇ ಇಟ್ಟುಕೊಂಡಿರುತ್ತಾಳೆ. ಅತ್ತೆಯ ವಿಶ್ವಾಸ ಅಷ್ಟೂ ಇಲ್ಲ. ಅಪ್ಪನಾದವನಿಗೆ ಹಾಸಿಗೆಯೇ ದಾರಿ.

ಮೇಜಿನ ಮೇಲೆ ಅತ್ತೆ ಅವನ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದರು. ಪಾತ್ರೆಯ ಬಾಯನ್ನು ಮೊದಲು ಲೋಟದ ಅಂಚಿಗೆ ಟಿಣ್ ಎಂದು ತಾಗಿಸಿ, ಆಮೇಲೆ ಬಗ್ಗಿಸಿದರು. ಆ ಟಿಣ್ ಅವನ ಎದೆಗೇ ತಾಗಿತು. ಯಾಕೆಂದರೆ ಅದು ಅವನ ಉಪಾಯ. ನೀರು ಬಗ್ಗಿಸುವಾಗ ತಂಬಿಗೆಯನ್ನು ಲೋಟಕ್ಕೆ ತಾಗಿಸುವುದು, ಲೋಟ ಕೆಳಗಿಡುವಾಗ ಕಿರುಬೆರಳನ್ನು ಗೂಢಚಾರನಂತೆ ಮುಂದೆ ಕಳಿಸಿ ಮೇಜು ಇದೆಯೋ ಇಲ್ಲವೋ ವರದಿ ತರಿಸಿಕೊಳ್ಳುವುದು, ಕೈಕುಲುಕುವಾಗ ಎದುರಿನವರ ಕೈ ತನ್ನ ಕೈಗೆ ಬಂದು ಬೀಳಲಿ ಎಂದು ದೊಡ್ಡಸ್ತಿಕೆಯವನ ಹಾಗೆ ಕಾಯುವುದು, ಇವೆಲ್ಲ ಅವನು ವರ್ಷಗಟ್ಟಲೆ ಕೂಡಿಟ್ಟ ಗುಟ್ಟಿನ ಗಂಟು. ಮಗುವಿನ ಆರೈಕೆಗೆಂದು ಬಂದ ಅತ್ತೆ ಅದನ್ನು ಕಂಡುಹಿಡಿದಿದ್ದಲ್ಲದೆ ಅವನ ಕಣ್ಣೆದುರೇ ಅಣಕಿಸುತ್ತಿದ್ದಾರೆ. ಬಾಯಲ್ಲಿ ಅಳಿಯಂದ್ರೇ, ಬಹುವಚನ, ಕೈಯಲ್ಲಿ ಅಣಕ. ಬಹುವಚನದ ಚೂರಿಯಿಂದ ಚುಚ್ಚಿದರೆ ರಕ್ತವೂ ಬಹುವಚನದಲ್ಲೇ ಬರುತ್ತದೆ ಎಂದುಕೊಂಡು ಚಹಾ ಕುಡಿದ.

ಮಗುವನ್ನು ಹಾಸಿಗೆಯಿಂದ ಎತ್ತಿಕೊಂಡಾಗ ಅದು ಅವನ ಮೂಗಿಗೆ ಕೈ ಹಾಕಿತು, ತಪ್ಪಿತು, ಗಾಳಿಯನ್ನು ಹಿಡಿದು ಅದನ್ನೇ ಬಾಯಿಗಿಟ್ಟುಕೊಂಡಿತು. ಅದರ ಬೆನ್ನು ಅಂಗೈಯಲ್ಲಿ ಬೆಚ್ಚಗಿತ್ತು. ಆ ದಿನವೂ ಹೀಗೇ ಬೆಚ್ಚಗಿತ್ತು. ತೊಟ್ಟಿಲಿಗೆ ಬಗ್ಗಿದ್ದ, ಹಾಸು ಬಂತು ಎಂದುಕೊಂಡಿದ್ದ. ಬಿಳಿ ಬಟ್ಟೆ, ಅದರ ಮೇಲೆ ನೀಲಿ ಹೂವು, ಹೂವಿನ ನಡುವೆ ದಾರದ ಹೊಲಿಗೆ, ಎಲ್ಲವೂ ಸ್ಪಷ್ಟವಾಗಿ ಕಂಡಿತ್ತು. ಕಾಣದೇ ಇದ್ದದ್ದು ಒಂದೇ, ತನ್ನ ಕೈಗೂ ಆ ಹೂವಿಗೂ ನಡುವೆ ಇದ್ದ ಒಂದು ಗೇಣು. ಕೈ ಬಿಟ್ಟ. ಮಗು ಆ ಗೇಣನ್ನು ದಾಟಿ ಹಾಸಿನ ಮೇಲೆ ಧೊಪ್ಪೆಂದು ಬಿತ್ತು. ಒಂದು ಕ್ಷಣ ಅಳಬೇಕೋ ನಗಬೇಕೋ ತಿಳಿಯದೆ ಅವನ ಮುಖವನ್ನೇ ನೋಡಿತು, ಆಮೇಲೆ ಅತ್ತಿತು. ಏನೂ ಆಗಿರಲಿಲ್ಲ. ಅತ್ತೆ ಬಾಗಿಲಲ್ಲೇ ಇದ್ದರು. "ಏನಾಗಿಲ್ಲ ಬಿಡಿ, ಏನೂ ಆಗಿಲ್ಲ" ಎಂದರು. ಹೆಂಡತಿ ಓಡಿಬಂದು ಮಗುವನ್ನು ಎತ್ತಿಕೊಂಡಳು. ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಮಾರನೆಯ ದಿನದಿಂದ ಹಾಸಿಗೆಯ ದಾರಿ ಶುರುವಾಯಿತು, ತೊಟ್ಟಿಲಿಗೆ ಮಲಗಿಸುವ ಕೆಲಸ ಅವನ ಕೈತಪ್ಪಿತು.

ಕಣ್ಣಿನ ಡಾಕ್ಟ್ರಮ್ಮನ ಹತ್ತಿರ ಹೋದದ್ದು ಆ ಗೇಣಿನ ದೆಸೆಯಿಂದಲೇ. ಗಲ್ಲ ಊರಿ, ಹಣೆ ಒತ್ತಿ, ಬೆಳಕಿನ ಬಳೆಗಳೊಳಗೆ ನೋಡುತ್ತ ಕೂತ. ಆಕೆ ಪರದೆಯ ಮೇಲೆ ಅವನ ಎಡಗಣ್ಣಿನ ನಕ್ಷೆ ತೋರಿಸಿದರು. ಬೆಟ್ಟದ ನಕ್ಷೆಯ ಹಾಗೇ ಬಣ್ಣಬಣ್ಣದ ಸುತ್ತುಗಳು, ಕೆಳಗೊಂದು ಕೆಂಪು ಶಿಖರ. ಭೂಮಿ ಅಳೆಯುವ ಸರ್ವೇಯರಾದ ಅವನಿಗೆ ಇಂಥ ನಕ್ಷೆ ಓದುವುದು ನೀರು ಕುಡಿದಷ್ಟು ಸುಲಭ. ತನ್ನ ಕಣ್ಣಿನಲ್ಲೇ ಒಂದು ಗುಡ್ಡ ಎದ್ದಿರುವುದು ಮಾತ್ರ ಅವನ ಗಮನಕ್ಕೆ ಬಂದಿರಲಿಲ್ಲ.

"ಕಾರ್ನಿಯಾ ಅಂದ್ರೆ ಕಣ್ಣಿನ ಮುಂದಿನ ಗಾಜು. ಚೆಂಡಿನ ಹಾಗೆ ದುಂಡಗಿರ್ಬೇಕು. ನಿಮ್ಮ ಎಡಗಡೆದು ತೆಳ್ಳಗಾಗಿ ಚೂಪಾಗಿದೆ, ಕೆಳಗೆ ಜೋತಿದೆ" ಎಂದರು.

"ಬಲಗಡೆದು?"

"ಅಲ್ಲೂ ಸ್ವಲ್ಪ ಶುರುವಾಗಿದೆ. ಆದ್ರೆ ನೋಟ ಚೆನ್ನಾಗಿದೆ. ಕೊನೇ ಸಾಲಿನವರೆಗೂ ಓದಿದ್ರಲ್ಲ."

ಮಗನಿಗೆ ಬಹುಮಾನ ಬಂದ ತಂದೆಯ ಹಾಗೆ ಅವನು ಬೀಗಿದ. ಡಾಕ್ಟ್ರಮ್ಮ ನಗಲಿಲ್ಲ. "ಅದೇ ತೊಂದ್ರೆ ಈಗ" ಎಂದರು. ಎಡಗಣ್ಣಿಗೆ ಒಂದು ಗಟ್ಟಿ ಲೆನ್ಸ್ ಹಾಕಿದ್ದರು. ಮಂಜು ಸರಿದು ಅಕ್ಷರಗಳು ಕಂಡವು, ಆದರೆ ಎಲ್ಲಕ್ಕೂ ಒಂದೊಂದು ಎಳೆ ಮೀಸೆ. ಆಮೇಲೆ ಒಂದು ಹಾಳೆ ಕೊಟ್ಟು, ವಿಶೇಷ ಕನ್ನಡಕ ಹಾಕಿಸಿ, ಈ ಉಂಗುರಗಳಲ್ಲಿ ಯಾವುದು ಎದ್ದು ಮುಂದೆ ಬಂದಿದೆ ಹೇಳಿ ಎಂದರು. ಯಾವುದೂ ಬಂದಿರಲಿಲ್ಲ. "ಇದು" ಎಂದು ಒಂದನ್ನು ಮುಟ್ಟಿದ. ಎದ್ದು ಕಂಡದ್ದು ಅವನ ಸುಳ್ಳೊಂದೇ.

"ಎರಡೂ ಕಣ್ಣಿನ ಚಿತ್ರ ಸೇರಿದ್ರೇನೇ ಆಳ ಗೊತ್ತಾಗೋದು. ನಿಮ್ಮ ಮಿದುಳು ಎಡಗಣ್ಣಿನ ಮಾತು ಕೇಳೋದೇ ಬಿಟ್ಟಿದೆ. ಈಗ ಲೆನ್ಸ್ ಹಾಕಿದ್ರೂ ಬಲಗಣ್ಣೇ ಜೋರು. ಅದಕ್ಕೆ ಬಲಗಣ್ಣನ್ನ ಸ್ವಲ್ಪ ಮಂಕು ಮಾಡೋಣ."

"ಚೆನ್ನಾಗಿರೋದನ್ನ ಕೆಡಿಸೋದಾ?"

"ಕೆಡಿಸಲ್ಲ ರೀ. ಲೆನ್ಸ್ ದಿನಾ ಎಡಗಣ್ಣಲ್ಲಿರ್ಲಿ, ಅದರ ಮೇಲೆ ಒಂದು ಕನ್ನಡಕ ಕೊಡ್ತೀನಿ. ಬಲಗಡೆ ಗಾಜು ಸ್ವಲ್ಪ ಮಬ್ಬು. ತೆಗೆದ್ರೆ ಕಣ್ಣು ಮೊದಲಿನ ಹಾಗೇ. ಗಾಡಿ ಓಡಿಸೋವಾಗ ಬೇಡ, ಮನೇಲಿ ಹಾಕ್ಕೊಳಿ. ಎಷ್ಟು ಸುಧಾರಿಸುತ್ತೆ ಅಂತ ಮಾತು ಕೊಡಲ್ಲ. ಪ್ರಯತ್ನ ಮಾಡೋಣ."

ಜೊತೆಗೆ ಮಣಿ ಪೋಣಿಸಿದ ಒಂದು ಉದ್ದನೆಯ ದಾರವನ್ನೂ ಕೊಟ್ಟರು. ಒಂದು ತುದಿ ಕಿಟಕಿಗೆ ಕಟ್ಟಿ, ಇನ್ನೊಂದು ತುದಿ ಮೂಗಿಗೆ ಹಿಡಿದು ಮಣಿಯನ್ನು ನೋಡಬೇಕು. ಎರಡೂ ಕಣ್ಣು ಕೆಲಸ ಮಾಡುತ್ತಿದ್ದರೆ ದಾರ ಎರಡಾಗಿ ಕಂಡು, ಎರಡೂ ಆ ಮಣಿಯಲ್ಲಿ ಬಂದು ಸೇರುತ್ತವೆ. ಅವನಿಗೆ ಕಂಡದ್ದು ಒಂದೇ ದಾರ, ನೆಟ್ಟಗೆ, ಒಂಟಿಯಾಗಿ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತ ಜನ ಮಲತಾಯಿಯರನ್ನು ಬಯ್ಯುತ್ತಾರೆ. ಅವನು ತನ್ನ ಸ್ವಂತ ಕಣ್ಣುಗಳಿಗೇ ಮಲತಾಯಿ. ಬಲದ್ದು ಬೆಣ್ಣೆಗಣ್ಣು. ಅದರಿಂದಲೇ ಓದಿದ್ದು, ಅದರಿಂದಲೇ ನೌಕರಿ ಹಿಡಿದದ್ದು. ಲೆವೆಲ್ ಯಂತ್ರದ ದುರ್ಬೀನಿಗೆ ಒಂದೇ ತೂತು, ಒಂದೇ ಕಣ್ಣು ಸಾಕು. ಊರಿನ ಮೋರಿ, ರಸ್ತೆ, ಕಟ್ಟಡಗಳ ಏರಿಳಿತವನ್ನೆಲ್ಲ ಕೂದಲೆಳೆಯಷ್ಟೂ ಬಿಡದೆ ಅಳೆದದ್ದು ಬೆಣ್ಣೆಗಣ್ಣೇ. ಸುಣ್ಣಗಣ್ಣಿಗೆ ಅವನು ಮಾಡಿದ ಉಪಕಾರವೆಂದರೆ ಯಂತ್ರದ ಮುಂದೆ ಬಗ್ಗಿದಾಗ ಮುಚ್ಚಿ ವಿಶ್ರಾಂತಿ ಕೊಟ್ಟದ್ದು. ಈಗ ಈ ಡಾಕ್ಟ್ರಮ್ಮ ಜಾಣನನ್ನು ದಡ್ಡನ ಬೆಂಚಿಗೆ ಕೂರಿಸು ಎನ್ನುತ್ತಾರೆ. ಮನೆಗೆ ಬಂದು ಕನ್ನಡಿಯ ಮುಂದೆ ಒಮ್ಮೆ ಆ ಕನ್ನಡಕ ಹಾಕಿ ನೋಡಿಕೊಂಡ. ಮುಖ ಮಸುಕಾಗಿ ಯಾರದೋ ದೂರದ ಸಂಬಂಧಿಯ ಹಾಗೆ ಕಂಡಿತು. ತೆಗೆದು ಅಂಗಿಯ ಜೇಬಿಗೆ ಹಾಕಿದ. ಅಂದಿನಿಂದ ಅದು ಜೇಬಿನಲ್ಲೇ ಲೋಕವನ್ನು ನೋಡುತ್ತಿದೆ.

ಅತ್ತೆಯ ಚಹಾ ಕುಡಿದು ಹೊರಟ ಆ ದಿನ ಕೆಲಸ ಇದ್ದದ್ದು ಹೊಸ ಮೋರಿಯ ಬೀದಿಯಲ್ಲಿ. ಕಾಲುವೆ ತೋಡಿ ಮಣ್ಣು ಎರಡೂ ಬದಿಗೆ ಎಸೆದಿದ್ದರು. ಅಂಗಡಿಗಳವರು ಹಲಗೆ ಹಾಸಿ ಗಿರಾಕಿಗಳನ್ನು ದಾಟಿಸಿಕೊಳ್ಳುತ್ತಿದ್ದರು. ಹಲಗೆ ದಾಟುವಾಗ ಅವನು ಫೋನ್ ಬಂದವನಂತೆ ನಿಂತು, ಬೇರೆ ಯಾರಾದರೂ ದಾಟುವುದನ್ನು ನೋಡಿ, ಅವರ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟ. ಅಳತೆ ಕೋಲು ಹಿಡಿಯುವವನನ್ನು ಕಚೇರಿಯಲ್ಲಿ ಎಲ್ಲರೂ ಗೂಟ ಎಂದೇ ಕರೆಯುವುದು. ಎತ್ತರಕ್ಕೂ ಸರಿ, ನಿಲ್ಲಿಸಿದ ಕಡೆ ನಿಲ್ಲುವುದಕ್ಕೂ ಸರಿ. ಇವನಿಗಿಂತ ವಯಸ್ಸಿನಲ್ಲಿ ದೊಡ್ಡವನು, ಮಾತಿನಲ್ಲಿ ಅದಕ್ಕಿಂತ ದೊಡ್ಡವನು. ಹೋದ ವಾರ ಅವನೇ ಲೆವೆಲ್ ಯಂತ್ರವನ್ನು ಮುಕ್ಕಾಲಿ ಸಮೇತ ಈ ಕಾಲುವೆಗೆ ಕೆಡವಿದ್ದ. ಅಂದಿನಿಂದ ಅದರ ನೋಟ ಸ್ವಲ್ಪ ಆಕಾಶದ ಕಡೆಗೆ, ಹೊಸದಾಗಿ ಬಡ್ತಿ ಸಿಕ್ಕವರ ಹಾಗೆ. ರಿಪೇರಿಯ ಸರದಿ ಬರುವವರೆಗೆ ಅದರಲ್ಲೇ ಕೆಲಸ ಸಾಗಬೇಕು.

ಹಿಂದಕ್ಕೊಂದು ನೋಟ ನೋಡಿ, ಅಲ್ಲಿ ನಿಲ್ಲಿಸಿದ್ದ ಕೋಲಿನ ಅಂಕಿ ಓದಿ ಮುಗಿಸಿದ್ದ. ಮುಂಬದಿಯ ನೋಟಕ್ಕೆ ಗೂಟ ಕೋಲು ಹಿಡಿದು ಹೋದವನು ಅರ್ಧ ದಾರಿಯಲ್ಲೇ ಒಂದು ಮರದ ನೆರಳಲ್ಲಿ ನಿಂತುಬಿಟ್ಟ.

"ಇನ್ನೂ ಮುಂದೆ ಹೋಗಪ್ಪಾ!"

"ಇಲ್ಲೇ ಕಾಣಲ್ವಾ ಸಾರ್? ಇಲ್ಲಿಂದ ನೀವು ನನ್ನ ಹಲ್ಲು ಎಣಿಸ್ಬೋದು!"

"ಹಲ್ಲು ಯಾರಿಗೆ ಬೇಕು! ಎರಡೂ ಕಡೆ ಸಮ ದೂರ ಇರ್ಬೇಕು ಅಂತ ಎಷ್ಟು ಸಲ ಹೇಳೋದು? ನೀನು ಬೀಳಿಸಿದ್ಮೇಲೆ ಇದು ಸುಳ್ಳು ಹೇಳುತ್ತೆ. ದೂರ ಹೆಚ್ಚಾದಷ್ಟೂ ಸುಳ್ಳು ಹೆಚ್ಚು. ಒಂದು ಕಡೆ ದೂರ ಒಂದು ಕಡೆ ಹತ್ರ ಆದ್ರೆ ಮೋರಿ ನೀರು ಅಂಗಡಿಗೆ ನುಗ್ಗುತ್ತೆ. ಸಮ ಇದ್ರೆ ಎರಡೂ ಕಡೆಗೂ ಒಂದೇ ಸುಳ್ಳು. ಒಂದರಲ್ಲಿ ಒಂದು ಕಳೆದ್ರೆ ಸುಳ್ಳು ಹೋಗಿ ನಿಜ ಉಳಿಯುತ್ತೆ!"

"ಅಂದ್ರೆ ಗಂಡ ಹೆಂಡ್ತಿ ಇಬ್ರೂ ಸಮ ಸಮ ಸುಳ್ಳು ಹೇಳಿದ್ರೆ ಸಂಸಾರ ಮಟ್ಟಸ ಅನ್ನಿ ಸಾರ್" ಎಂದು ಕೂಗುತ್ತ ಗೂಟ ಬಿಸಿಲಿಗೆ ನಡೆದ.

ಅವನು ದುರ್ಬೀನಿಗೆ ಕಣ್ಣಿಟ್ಟ. ಇಟ್ಟವನು ಅಂಕಿ ಓದಲೇ ಇಲ್ಲ. ತಾನೇ ಆಡಿದ ಮಾತು ಬೀದಿಯ ಆ ತುದಿಯವರೆಗೆ ಹೋಗಿ, ಗೋಡೆಗೆ ಬಡಿದು ವಾಪಸು ಬಂದು ಕಿವಿಯಲ್ಲಿ ಕೂತಿತ್ತು. ಯಂತ್ರ ಸರಿಯಿಲ್ಲದಿದ್ದರೂ ಚಿಂತೆಯಿಲ್ಲ, ಎರಡೂ ಕಡೆ ಸಮ ಇರಲಿ. ಈ ಪಾಠವನ್ನು ಎಷ್ಟು ಜನರಿಗೆ ಹೇಳಿಲ್ಲ, ಎಷ್ಟು ಬೀದಿಗಳಲ್ಲಿ ನಿಂತು ಕೂಗಿಲ್ಲ. ಡಾಕ್ಟ್ರಮ್ಮ ಹೇಳಿದ್ದು ಇದನ್ನೇ ಅಲ್ಲವೆ, ಬೇರೆ ಮಾತಿನಲ್ಲಿ? ಒಂದು ಕಣ್ಣು ಅಚ್ಚುಕಟ್ಟು, ಒಂದು ಕಣ್ಣು ಮಸುಕು ಅಂದರೆ ಲೆಕ್ಕ ಓರೆ. ಎರಡೂ ಒಂದಿಷ್ಟು ಮಸುಕಾದರೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಮೋರಿ ನೀರಿಗೆ ತೋರಿಸಿದ ನ್ಯಾಯವನ್ನು ಅವನು ತನ್ನ ಮುಖಕ್ಕೆ ತೋರಿಸಿರಲಿಲ್ಲ. "ಸಾರ್, ನಿದ್ದೆ ಬಂತಾ?" ಎಂದು ಗೂಟ ದೂರದಿಂದ ಕೂಗಿದ. ಅಂಕಿ ಓದಿದ. ಸಂಜೆ ಮನೆಯ ಹೊಸ್ತಿಲಲ್ಲಿ ಜೇಬಿನಿಂದ ಕನ್ನಡಕ ತೆಗೆದು, ಅದರ ಮೇಲೆ ಕೂತಿದ್ದ ಬೀದಿಯ ಧೂಳು ಒರೆಸಿ ಹಾಕಿಕೊಂಡ.

ಮೊದಮೊದಲು ಬರೀ ನಷ್ಟ. ದಿನಪತ್ರಿಕೆಯ ಅಕ್ಷರಗಳು ಮಲಗೆದ್ದವರ ಹಾಗೆ ಊದಿಕೊಂಡಿದ್ದವು. ಹೆಂಡತಿಯ ಮುಖದ ಮಚ್ಚೆ ಮಾಯವಾಗಿ, "ಇವತ್ತು ಬೇರೆ ಥರ ಕಾಣ್ತಿದೀಯ" ಎಂದು ಹೊಗಳಲು ಹೋಗಿ ಬೈಸಿಕೊಂಡ. ಊಟಕ್ಕೆ ಮುಂಚೆ ಕಿಟಕಿಯ ಸರಳಿಗೆ ದಾರ ಕಟ್ಟಿ, ತುದಿಯನ್ನು ಮೂಗಿಗೆ ಒತ್ತಿಕೊಂಡು ಮಣಿಗಳನ್ನು ದಿಟ್ಟಿಸುತ್ತ ಕೂರತೊಡಗಿದ. ಅತ್ತೆ ಅಡುಗೆಮನೆಯಿಂದ ಇಣುಕಿ ನೋಡಿದರು.

"ಏನೇ ಇದು, ನಿನ್ನ ಗಂಡಂಗೆ ಮೂಗುದಾರ ಹಾಕ್ಬಿಟ್ಯಲ್ಲೇ ಕೊನೆಗೂ!"

"ಅಮ್ಮಾ, ಸುಮ್ನಿರು. ಕಣ್ಣಿನ ವ್ಯಾಯಾಮ ಅದು."

"ಆಗ್ಲಿ ಬಿಡು. ನಾನು ನಿಮ್ಮಪ್ಪಂಗೆ ಹಾಕೋಣ ಅಂತ ಕಾದು ಕಾದು ಸಾಕಾಗಿತ್ತು, ನೀನಾದ್ರೂ ಹಾಕಿದ್ಯಲ್ಲ." ಹೀಗೆಂದು ಹತ್ತಿರ ಬಂದು, "ಯಾವ ಮಣಿ ನೋಡ್ಬೇಕು, ಈ ಹಸಿರುದಾ?" ಎಂದು ಬೆರಳು ಚಾಚಿದರು. ಬೆರಳು ಹಸಿರು ಮಣಿಯ ತನಕ ಹೋಗದೆ ಗಾಳಿಯಲ್ಲೇ ನಿಂತಿತು. ತಡವರಿಸಿ ಮುಂದೆ ಹೋಗಿ ದಾರಕ್ಕೆ ತಾಗಿತು. ಇಷ್ಟು ಚೆನ್ನಾಗಿ ಅಣಕಿಸಲು ಎಷ್ಟು ದಿನ ನೋಡಿ ಕಲಿತಿರಬೇಕು ಈಕೆ! ಅವನು ಮೂಗಿನ ತುದಿಯಿಂದ ದಾರ ಇಳಿಸಿ ಸುತ್ತಿಟ್ಟ.

ಆದರೂ ಬಿಡಲಿಲ್ಲ. ಒಂದು ಸಂಜೆ ಹಸಿರು ಮಣಿಯ ಪಕ್ಕದಲ್ಲಿ ಇನ್ನೊಂದು ದಾರದ ನೆರಳು ಹಾದುಹೋದಂತಾಯಿತು. ನೋಡಹೋದರೆ ಇಲ್ಲ, ನಾಚಿಕೆಯ ನೆಂಟನ ಹಾಗೆ ಬಾಗಿಲವರೆಗೆ ಬಂದು ತಿರುಗಿ ಹೋಗಿತ್ತು. ಮತ್ತೆ ಕೆಲವು ದಿನಕ್ಕೆ ಬಂತು, ಕಣ್ಣು ಮಿಟುಕಿಸುವಷ್ಟು ಹೊತ್ತು ಕೂತಿತು. ಸುಣ್ಣಗಣ್ಣು ಬಾಯಿ ಬಿಡುತ್ತಿದೆ, ಇಷ್ಟು ವರ್ಷ ಯಾರೂ ಕೇಳದ್ದಕ್ಕೆ ತೊದಲುತ್ತಿದೆ ಎಂದುಕೊಂಡಾಗ ಅವನಿಗೆ ವಿಚಿತ್ರವಾದ ನಾಚಿಕೆಯಾಯಿತು. ಅದಾದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಗೆ ನೀರು ಕುಡಿಯಲು ಹೋದವನು ಹಾಗೇ ನಿಂತ. ಕೊಕ್ಕೆಗಳಿಗೆ ತೂಗುಹಾಕಿದ್ದ ಸೌಟು, ಜಾಲರಿ, ಚಮಚಗಳು ದಿನಾ ಗೋಡೆಗೆ ಅಂಟಿಸಿದ ಚಿತ್ರದ ಹಾಗಿರುತ್ತಿದ್ದವು. ಇವತ್ತು ಸೌಟು ಗೋಡೆ ಬಿಟ್ಟು ಈಚೆ ಬಂದಿತ್ತು. ಸೌಟಿಗೂ ಗೋಡೆಗೂ ನಡುವೆ ಏನೋ ಇತ್ತು. ಏನೆಂದು ನೋಡಿದರೆ ಏನೂ ಇರಲಿಲ್ಲ. ಆ ಏನೂ ಇಲ್ಲದ್ದೇ ಅಲ್ಲಿ ಇತ್ತು, ತುಂಬಿಕೊಂಡು. ಇಷ್ಟು ದಿನ ತನಗೆ ವಸ್ತುಗಳು ಕಾಣುತ್ತಿಲ್ಲ ಎಂದು ತಿಳಿದಿದ್ದ. ಕಾಣದೇ ಇದ್ದದ್ದು ಅವುಗಳ ನಡುವಿನ ಖಾಲಿ ಜಾಗ. ಕೈ ಚಾಚಿ ಸೌಟಿನ ಹಿಂದೆ ಬೆರಳು ತೂರಿಸಿ ಆ ಖಾಲಿಯನ್ನು ಮುಟ್ಟಿ ನೋಡಿದ.

"ಸೌಟು ಬೇಕಿತ್ತಾ?" ಹೆಂಡತಿ ಕೇಳಿದಳು.

"ಇಲ್ಲ, ಸುಮ್ನೆ."

ರಜೆಯ ಮಧ್ಯಾಹ್ನ. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳೊಂದಿಗೆ ಸಂಭಾಷಣೆಯಲ್ಲಿದ್ದರು. ಅವನ ತೊಡೆಯ ಮೇಲೆ ಮಗು ಕೂತು ದಾರದ ಹಸಿರು ಮಣಿಗೆ ಕೈ ಬೀಸುತ್ತಿತ್ತು. ಬೀಸಿದ ಕೈ ಮಣಿಯ ಈಚೆಗೇ ಮುಚ್ಚಿಕೊಂಡಿತು. ಅದು ಮುಚ್ಚಿಕೊಳ್ಳುವ ಮೊದಲೇ ಅವನಿಗೆ ಗೊತ್ತಾಗಿತ್ತು, ಎಟುಕುವುದಿಲ್ಲವೆಂದು. ಹೇಗೆ ಗೊತ್ತಾಯಿತು? ಕಂಡಿತ್ತು. "ಇನ್ನೂ ಸ್ವಲ್ಪ ಮುಂದೆ ಕಂದಾ, ನೀನೂ ಇದೇ ತರಗತೀಲಿ ಇದೀಯಾ?" ಎಂದು ಪಿಸುಗುಟ್ಟಿದ. ಆಡಿ ಆಡಿ ಮಗುವಿನ ತಲೆ ತೂಗತೊಡಗಿತು. ಅತ್ತೆಯನ್ನು ಕರೆಯಬೇಕು. ಕರೆಯಲಿಲ್ಲ. ಎದ್ದು, ಎರಡೂ ಕೈಯಲ್ಲಿ ಮಗುವನ್ನು ಹಿಡಿದು ತೊಟ್ಟಿಲ ಹತ್ತಿರ ಹೋದ.

ಬಗ್ಗಿದ. ಬಿಳಿ ಬಟ್ಟೆ, ನೀಲಿ ಹೂವು. ಹೊಲಿಗೆ ಮಾತ್ರ ಈಗ ಅಷ್ಟು ಸ್ಪಷ್ಟವಿಲ್ಲ. ಆದರೆ ಹೂವು ಕೆಳಗಿತ್ತು. ನಿಜವಾಗಿಯೂ ಕೆಳಗಿತ್ತು, ಬಾವಿಯ ನೀರಿನ ಹಾಗೆ. ಕೈಗೂ ಹೂವಿಗೂ ನಡುವೆ ಅಂದು ತಾನು ಕಾಣದೆ ಮಗುವನ್ನು ಕೈಬಿಟ್ಟ ಗೇಣು ಅಲ್ಲೇ ಇತ್ತು, ಎಲ್ಲೂ ಹೋಗಿರಲಿಲ್ಲ, ಇಷ್ಟು ದಿನ ಅಲ್ಲೇ ಕಾಯುತ್ತಿತ್ತು. ಅವನು ಅದನ್ನು ನೋಡುತ್ತ ಮೆಲ್ಲಗೆ ಇಳಿಸತೊಡಗಿದ. ಅಷ್ಟರಲ್ಲಿ ಅರೆನಿದ್ದೆಯ ಮಗು ಕೈ ಎತ್ತಿ ಅವನ ಮುಖದ ಕಡೆ ಬೀಸಿತು, ತಪ್ಪಿತು, ಮತ್ತೆ ಬೀಸಿತು, ಈ ಸಲ ಗುರಿ ತಪ್ಪಲಿಲ್ಲ. ಕನ್ನಡಕ ಕಿತ್ತುಕೊಂಡು ಬಂತು, ಎಲ್ಲೋ ಟಪ್ ಎಂದಿತು. ಬೆಣ್ಣೆಗಣ್ಣು ಸೆರೆ ಬಿಟ್ಟ ಹಾಗೆ ಹಾರಿ ಮುಂದೆ ಬಂತು. ಹೂವಿನ ಒಂದೊಂದು ಹೊಲಿಗೆಯೂ ಥಟ್ಟನೆ ಹೊಳೆಯಿತು, ಗೇಣು ಮಡಿಚಿಕೊಂಡು ಕಾಣದಾಯಿತು. ಹಾಸು ಹತ್ತಿರವೋ ದೂರವೋ? ಅವನು ಅಲುಗಲಿಲ್ಲ. ಬೆನ್ನು ನೋಯತೊಡಗಿತು. ಹಿಂದೆ ಹೆಜ್ಜೆಯ ಸದ್ದಾಯಿತು. ಅತ್ತೆ. ನೋಡಿದರೆ ನೋಡಲಿ, ಇನ್ನು ಹಾಸಿಗೆಯ ದಾರಿಯೂ ಮುಚ್ಚಲಿ.

"ಅತ್ತೆ, ನನಗೆ ಹಾಸು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ. ಮಗೂನ ಸ್ವಲ್ಪ ಹಿಡ್ಕೋತೀರಾ?"

ಅತ್ತೆ ಹತ್ತಿರ ಬಂದು, ಸ್ನಾನದ ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ನನಗೆಲ್ಲಿ ಕೊಡ್ತೀರಿ ಅಳಿಯಂದ್ರೇ. ನಿಮ್ಮ ಕೈ ಎಲ್ಲಿದೆ ಅಂತಾನೇ ನನಗೆ ಸರಿಯಾಗಿ ಗೊತ್ತಾಗಲ್ಲ."

"ಅಂದ್ರೆ?"

"ಬಲಗಣ್ಣಲ್ಲಿ ಪೊರೆ ಬೆಳೆದಿದೆ. ಇಲ್ಲಿಗೆ ಬರೋ ಮುಂಚೇನೇ. ಅವಳು ತಾನೇ ಮುಂದೆ ಬಂದು ಮಗೂನ ಇಸ್ಕೋತಾಳೆ, ತಾನೇ ತಂದು ಕೈಗಿಡ್ತಾಳೆ, ಹೇಗೋ ನಡೆಯುತ್ತೆ. ನೀವು ಕೈ ಚಾಚ್ಕೊಂಡು ಕಾಯ್ತಾ ನಿಂತಿರ್ತೀರಿ. ಆ ಕೈ ಹತ್ರ ಇದೆಯೋ ದೂರ ಇದೆಯೋ, ನಡುವೆ ಬೀಳಿಸಿಬಿಟ್ರೆ? ಅವತ್ತು ಅದು ಬಿದ್ದಿದ್ದು ನೋಡಿದ್ಮೇಲಂತೂ ನನ್ನ ಕೈ ಮೇಲೇ ನಂಬಿಕೆ ಹೋಯ್ತು. ಅದಕ್ಕೇ ಹಾಸಿಗೆ ಮೇಲೆ ಇಡ್ತಿದ್ದೆ."

ಟಿಣ್ ಎನ್ನುವ ಲೋಟ, ಗಾಳಿಯಲ್ಲಿ ನಿಂತ ಬೆರಳು, ಬಾಗಿಲಲ್ಲಿ ನಿಂತು ಹೇಳಿದ್ದ 'ಏನಾಗಿಲ್ಲ ಬಿಡಿ', ಎಲ್ಲವೂ ಅವನ ಬಗ್ಗಿದ ಬೆನ್ನಿನ ಮೇಲೆ ಒಂದೊಂದಾಗಿ ಬಂದು ಕೂತವು. ಭಾರವೇನೂ ಆಗಲಿಲ್ಲ. ಮಗು ಬಾಯಿ ಕಳೆದು ಆಕಳಿಸಿತು.

"ನಾನು, ನೀವು ನನ್ನನ್ನ ಅಣಕಿಸ್ತಿದೀರಿ ಅಂದ್ಕೊಂಡಿದ್ದೆ."

"ಅಯ್ಯೋ! ನಾನು, ನಿಮಗೆ ಗೊತ್ತಾಗಿಹೋಗಿದೆ, ಮರ್ಯಾದೆಗೆ ಸುಮ್ನಿದೀರಿ ಅಂದ್ಕೊಂಡಿದ್ದೆ. ಅವಳಿಗೆ ಹೇಳ್ಬೇಡಿ ಮತ್ತೆ. ಹೇಳಿದ್ರೆ ನನ್ನನ್ನೂ ಹಾಸಿಗೆ ದಾರಿಗೆ ಹಾಕ್ತಾಳೆ."

"ಹೇಳಲ್ಲ. ಆದ್ರೆ ಡಾಕ್ಟ್ರಮ್ಮನ ಹತ್ರ ನನ್ನ ಜೊತೆ ಬರ್ಬೇಕು."

"ಮೊದ್ಲು ಈ ಕೂಸನ್ನ ಇಳಿಸೋಣ, ಆಮೇಲೆ ಡಾಕ್ಟ್ರಮ್ಮ. ನಿಮಗೆ ಯಾವ ಕಣ್ಣು ನೆಟ್ಟಗಿದೆ?"

"ಬಲದ್ದು."

"ನನ್ನದು ಎಡದ್ದು. ಸರಿ ಹೋಯ್ತು, ಇಬ್ರೂ ಸೇರಿದ್ರೆ ಒಬ್ಬ ಮನುಷ್ಯ."

ಅವರು ತೊಟ್ಟಿಲಿನ ಆಚೆ ಬದಿಗೆ ಹೋಗಿ, ಹಾಸಿನ ಮೇಲೆ ಅಂಗೈ ಬಿಡಿಸಿ ಮೇಲ್ಮುಖವಾಗಿ ಇಟ್ಟುಕೊಂಡರು. ಒರಟು ಅಂಗೈಗಳು, ಪಾತ್ರೆ ತೊಳೆದ ನೀರು ಇನ್ನೂ ಆರಿರಲಿಲ್ಲ. ಅವನು ಮಗುವನ್ನು ಇಳಿಸತೊಡಗಿದ. ಸ್ನಾನದ ಮನೆಯಲ್ಲಿ ನೀರಿನ ಸದ್ದು ನಿಂತಿತು.

"ಬಂತಾ?" ಎಂದ.

"ಇನ್ನೂ ಇಲ್ಲ. ಕೆಳಗೆ."

"ಈಗ?"

"ಇನ್ನೂ ಕೆಳಗೆ... ಇನ್ನೊಂಚೂರು..."

ಅವನ ಬೆರಳ ಬೆನ್ನಿಗೆ ತಣ್ಣಗೆ, ಒದ್ದೆಯಾಗಿ ಏನೋ ತಾಗಿತು.

"ಹಿಡ್ಕೊಂಡ್ರಾ ಅತ್ತೆ? ಹಿಡ್ಕೊಂಡ್ರಾ?"

"ಹೂಂ" ಎಂದರು. ಅವನು ತನ್ನ ಕೈಯನ್ನು ಸ್ವಲ್ಪ ಹೊತ್ತು ಅಡಿಯಲ್ಲೇ ಇಟ್ಟುಕೊಂಡ.